ಚಾಕುವಿನ ಮೈಯಲ್ಲಿ ತಾಮ್ರದ ಗೆರೆ

ಪ್ರಶ್ನೆ: ಅಡುಗೆಮನೆಯ ಚಾಕುವೊಂದರ ಚಿತ್ರ ನೋಡಿದೆ. ಬೆನ್ನಿನ ಕಡೆ ಬೆಳ್ಳಗೆ, ಬಾಯಿಯ ಕಡೆ ಕಪ್ಪು, ನಡುವೆ ಅಲೆಯಂತೆ ಓಡುವ ತಾಮ್ರದ ಗೆರೆ. ಉಕ್ಕನ್ನು ಬೆಸೆಯುವ ಕಾವಿಗೆ ತಾಮ್ರ ಕರಗುವುದಿಲ್ಲವೇ? ನಮ್ಮೂರಿನ ಇದ್ದಿಲ ಕುಲುಮೆಯಲ್ಲಿ ಇದನ್ನು ಮಾಡಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಗಡಸು ಉಕ್ಕಿನ ತಿರುಳಿಗೆ ಎರಡೂ ಬದಿಯಲ್ಲಿ ಮೆದು ಕಬ್ಬಿಣವನ್ನೋ ಸ್ಟೇನ್‌ಲೆಸ್ ಉಕ್ಕನ್ನೋ ಹೊದಿಸುವ ಮೂರು ಪದರದ ಕಟ್ಟಿಗೆ ಜಪಾನಿನಲ್ಲಿ ‘ಸಾನ್‌ಮಾಯ್’ ಎನ್ನುತ್ತಾರೆ. ತಿರುಳಿಗೂ ಹೊದಿಕೆಗೂ ನಡುವೆ ಒಂದೊಂದು ತಾಮ್ರದ ತಗಡು ಸೇರಿದರೆ ನೀವು ನೋಡಿದ ಐದು ಪದರದ ಚಾಕುವಾಗುತ್ತದೆ. ಕೊಯ್ಯುವುದು ತಿರುಳು ಮಾತ್ರ. ತಾಮ್ರ ಇರುವುದು ಕೇವಲ ಚೆಂದಕ್ಕೆ.

ನಿಮ್ಮ ಅನುಮಾನ ಸರಿಯಾಗಿದೆ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉಕ್ಕಿಗೆ ಉಕ್ಕನ್ನು ಬಡಿದು ಬೆಸೆಯುವ ಕಾವು ಸಾಮಾನ್ಯವಾಗಿ ಅದಕ್ಕೂ ಮೇಲಿರುತ್ತದೆ. ಆದ್ದರಿಂದ ಇಲ್ಲಿ ಯಾವ ಲೋಹವನ್ನೂ ಕರಗಿಸದೆ, 1000 ಡಿಗ್ರಿಯ ಆಸುಪಾಸಿನಲ್ಲಿ ಒತ್ತಿ ಹಿಡಿದು ಕೂಡಿಸುತ್ತಾರೆ. ಅದಕ್ಕಾಗಿ ಪ್ರತಿ ತಗಡಿನ ಮುಖವನ್ನೂ ಹೊಳೆಯುವಂತೆ ಉಜ್ಜಿ, ಎಣ್ಣೆಯ ಪಸೆ ಉಳಿಯದಂತೆ ಒರೆಸಿ, ಒಂದರ ಮೇಲೊಂದಿಟ್ಟು ಬಿಗಿದು, ಒಳಗೆ ಗಾಳಿ ನುಗ್ಗದಂತೆ ಸುತ್ತಲಿನ ಅಂಚನ್ನು ವೆಲ್ಡಿಂಗ್ ಮಾಡಿ ಮುಚ್ಚುತ್ತಾರೆ. ತಾಮ್ರದ ತಗಡನ್ನು ಉಳಿದವಕ್ಕಿಂತ ತುಸು ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು, ಏಕೆಂದರೆ ವೆಲ್ಡಿಂಗ್‌ಗೆ ತಾಮ್ರ ಬೆರೆತರೆ ಆ ಬೆಸುಗೆಯೇ ಬಿರುಕು ಬಿಡುತ್ತದೆ. ಕಟ್ಟು ಒಳಗಿನವರೆಗೂ ಸಮನಾಗಿ ಕಾಯುವಷ್ಟು ಹೊತ್ತು ಬಿಟ್ಟು, ಮೊದಲ ಸಲ ಸುತ್ತಿಗೆಯಿಂದ ಹೊಡೆಯದೆ ಪ್ರೆಸ್‌ನಲ್ಲಿ ಮೆಲ್ಲಗೆ ಒತ್ತುವುದು ಒಳ್ಳೆಯದು.

ಇದ್ದಿಲ ಕುಲುಮೆಯ ತೊಡಕು ಇರುವುದು ಇಲ್ಲೇ. ತಿದಿಯ ಗಾಳಿ ಬೀಳುವ ಜಾಗದಲ್ಲಿ ಕಾವು ಕ್ಷಣದಲ್ಲಿ 1085 ದಾಟಬಹುದು, ಬರಿಗಣ್ಣಿಗೆ ಆ ಸಣ್ಣ ಅಂತರ ತಿಳಿಯುವುದಿಲ್ಲ. ಕರಗಿದ ತಾಮ್ರ ಉಕ್ಕಿನ ಕಣಗಳ ಸಂದಿಗೆ ಇಳಿದು ಅದನ್ನು ಸೀಳುತ್ತದೆ. ಪೆಟ್ಟು ಬಿದ್ದರೆ ಹೊರಗೆ ಚಿಮ್ಮಿ ಮೈಯನ್ನೂ ಸುಡುತ್ತದೆ. ಕಾವು ಅಳೆಯುವ ಥರ್ಮೊಕಪಲ್ ಇರುವ ಗ್ಯಾಸ್ ಕುಲುಮೆ ಸಿಗದಿದ್ದರೆ, ತಾಮ್ರವಿಲ್ಲದ ಮೂರು ಪದರದಿಂದ ಆರಂಭಿಸಿ ಎಂಬುದೇ ನನ್ನ ಸಲಹೆ.

ಹದ ಕೊಡುವಾಗ ಈ ಭಯವಿಲ್ಲ. ಸಾಧಾರಣ ಕಾರ್ಬನ್ ಉಕ್ಕಿನ ತಿರುಳನ್ನು ಸುಮಾರು 800 ಡಿಗ್ರಿಗೆ, ಎಂದರೆ ಅಯಸ್ಕಾಂತಕ್ಕೆ ಅಂಟುವುದು ನಿಂತ ಮೇಲೆ ಇನ್ನು ಸ್ವಲ್ಪ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಬಳಿಕ ಸುಮಾರು 200 ಡಿಗ್ರಿಯಲ್ಲಿ ಇಟ್ಟು ಗಡಸನ್ನು ತುಸು ಇಳಿಸುತ್ತಾರೆ. ಸಾಣೆ ಹಿಡಿಯುವಾಗ ಎರಡೂ ಬದಿಯಿಂದ ಸಮನಾಗಿ ಸವೆಸದಿದ್ದರೆ ತಿರುಳು ಬಾಯಿಯಿಂದ ಪಕ್ಕಕ್ಕೆ ಸರಿದು, ಕೊಯ್ಯುವ ಅಂಚಿಗೆ ತಾಮ್ರವೇ ಬಂದು ಕೂರುತ್ತದೆ. ಅಂಥ ಚಾಕುವಿಗೆ ಹರಿತ ನಿಲ್ಲುವುದಿಲ್ಲ. ಕೊನೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ತಿರುಳು ಕಪ್ಪಾಗಿ, ಸ್ಟೇನ್‌ಲೆಸ್ ಬೆಳ್ಳಗೇ ಉಳಿದು, ಪದರಗಳು ಎದ್ದು ಕಾಣುತ್ತವೆ. ಎಲೆಕ್ಟ್ರಾನಿಕ್ಸ್‌ನವರು ಸರ್ಕ್ಯೂಟ್ ಹಲಗೆಯ ತಾಮ್ರ ತೆಗೆಯಲು ಬಳಸುವುದೂ ಇದೇ ದ್ರಾವಣವನ್ನು, ಹಾಗಾಗಿ ಹೆಚ್ಚು ಹೊತ್ತು ಬಿಟ್ಟರೆ ಗೆರೆಯ ಜಾಗದಲ್ಲಿ ಗುಳಿ ಉಳಿಯುತ್ತದೆ.

ಬಳಸುವಾಗ ಹುಣಸೆಹುಳಿ ತಾಗಿದರೆ ದೇವರ ಚೊಂಬಿನಂತೆ ತಾಮ್ರ ಥಳಥಳಿಸುತ್ತದೆ, ಪಕ್ಕದ ಉಕ್ಕು ಮಾತ್ರ ಕಲೆಗಟ್ಟುತ್ತದೆ. ತಾಮ್ರಕ್ಕೆ ತಾಗಿಕೊಂಡಿರುವ ಉಕ್ಕು ಒದ್ದೆಯಲ್ಲಿ ಇನ್ನೂ ಬೇಗ ತುಕ್ಕು ಹಿಡಿಯುವುದರಿಂದ, ತೊಳೆದ ಕೂಡಲೇ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ.