ಹಳೇ ಕೆಂಪು ರೇಖಾಚಿತ್ರ: ಫೋಟೋನಾ, ಅಚ್ಚಾ?

ರಟ್ಟಿಗೆ ಅಂಟಿಸಿರುವ ಆ ಕೆಂಪು ಚಿತ್ರ, ಅಂದ್ರೆ ಇಟಲಿಯ ಹಳೇ ಚಿತ್ರಕಾರ ರಫೇಲ್‌ನ ರೇಖಾಚಿತ್ರದ ಪ್ರತಿ, ಫೋಟೋನೋ, ಅಚ್ಚು ಹಾಕಿದ್ದೋ ಅಂತ ಕೇಳಿದ್ದೀರಿ. ಮೊದಲು ಭೂತಗನ್ನಡಿ ಹಿಡಿದು ನೋಡಿ. ಸಾಲಾಗಿ ಚುಕ್ಕಿ ಕಂಡರೆ ಹಾಫ್‌ಟೋನ್ ಅಚ್ಚು, ಅಲ್ಲಿಗೆ ಮಾತು ಮುಗೀತು. ಹುಳ ಹರಿದ ಹಾಗೆ ಸಣ್ಣ ಸುಕ್ಕುಗಳಿದ್ದರೆ ಕಾಲೊಟೈಪ್, ಅದೂ ಶಾಯಿಯ ಅಚ್ಚೇ.

ಎರಡೂ ಇಲ್ಲ ಅಂದ್ರೆ ಫೋಟೋ ಇರಬಹುದು, ಮಜಾ ಇರೋದು ಅಲ್ಲೇ. ಮೊಟ್ಟೆಯ ಬಿಳಿಲೋಳೆ ಬಳಿದ ಆಲ್ಬುಮೆನ್ ಅನ್ನೋ ಹಳೇ ಫೋಟೋ ಕಾಗದ ಆಗಿದ್ದರೆ ಬಿಳಿ ಜಾಗ ಹಳದಿಯಾಗಿ, ಅಂಚು ಮಾಸಿರುತ್ತೆ, ಬಣ್ಣವೂ ಕಂದು ಅಥವಾ ನೇರಳೆ ಕಡೆಗೇ ಇರುತ್ತೆ. ನಿಮ್ಮದು ಇನ್ನೂ ಗಾಢ ಕೆಂಪಾಗಿದೆ ಅಂತೀರಿ, ಹಾಗಾಗಿ ನನಗೆ ಕಾರ್ಬನ್ ಪ್ರಿಂಟ್ ಅನ್ನೋ ಇನ್ನೊಂದು ಬಗೆಯ ಫೋಟೋ ಮೇಲೇ ಅನುಮಾನ. 1864ರಲ್ಲಿ ಇಂಗ್ಲೆಂಡಿನ ಸಂಶೋಧಕ ಜೋಸೆಫ್ ಸ್ವಾನ್ ಪೇಟೆಂಟ್ ಪಡೆದ ವಿಧಾನ ಅದು. ಅದರ ಚಿತ್ರದಲ್ಲಿ ಬೇರೆ ಹಳೇ ಫೋಟೋಗಳಂತೆ ಮಾಸುವ ಬೆಳ್ಳಿ ಇಲ್ಲ, ಜೆಲಟಿನ್‌ನಲ್ಲಿ ಬೆರೆಸಿದ ಬಣ್ಣದ ಪುಡಿ, ಅದಕ್ಕೇ ಮಾಸಲ್ಲ, ಮತ್ತೆ ಬೇಕಾದ ಬಣ್ಣ ಹಾಕಬಹುದು. ಅಲ್ಸೇಸ್ ಪ್ರಾಂತ್ಯದ (ಈಗ ಫ್ರಾನ್ಸ್‌ನಲ್ಲಿದೆ) ಅಡಾಲ್ಫ್ ಬ್ರೌನ್ ಫೋಟೋ ಕಂಪನಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಂಥ ಕಡೆಯ ರೇಖಾಚಿತ್ರಗಳ ಪ್ರತಿಗಳನ್ನು ಹೀಗೇ ಮಾಡಿತು, ಕೆಂಪು ಸೀಮೆಸುಣ್ಣದ ಚಿತ್ರಕ್ಕೆ ಕೆಂಪು ಪುಡಿಯನ್ನೇ ಹಾಕಿ. ಮೂಲ ಚಿತ್ರವೇ ಸಿಕ್ತು ಅಂತ ಜನ ಮೋಸ ಹೋಗೋದು ಸುಮ್ನೆ ಅಲ್ಲ!

ಅಂದಹಾಗೆ ಆಗಿನವರು ರೇಖಾಚಿತ್ರಗಳ ಫೋಟೋವನ್ನೇ ಜಾಸ್ತಿ ತೆಗೆದಿದ್ದಕ್ಕೂ ಕಾರಣ ಇದೆ. ಆ ಕಾಲದ ಕ್ಯಾಮೆರಾದ ಗಾಜಿನ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಕುತ್ತಿತ್ತು, ವರ್ಣಚಿತ್ರದ ಕೆಂಪು, ಹಳದಿ ಎಲ್ಲ ಕಪ್ಪಾಗಿ ಕೂರುತ್ತಿತ್ತು; ಒಂದೇ ಬಣ್ಣದ ರೇಖಾಚಿತ್ರಕ್ಕೆ ಆ ತೊಂದರೆ ಇರಲಿಲ್ಲ.

ಚಿತ್ರವನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಗಾಢ ಜಾಗ ತುಸು ಉಬ್ಬಿ ಹೊಳೆದರೆ ಕಾರ್ಬನ್ನೇ. ದಯವಿಟ್ಟು ರಟ್ಟಿನಿಂದ ಕೀಳಬೇಡಿ, ಕಂಪನಿಯ ಮುದ್ರೆ ಇದ್ದರೆ ಅದರ ಮೇಲೇ ಇರುತ್ತೆ.