ಬೆಳ್ಳಗಿರುವುದೆಲ್ಲ ರಕ್ತವಲ್ಲ

ಜಯನಗರದ ಓದುಗರೊಬ್ಬರ ಪತ್ರ: ‘ಲಕ್ವ ಹೊಡೆದ ನಮ್ಮ ತಂದೆಗೆ ತೊಡೆಯಿಂದ ಕ್ಯಾತಿಟರ್ ಹಾಕಿ ಮಿದುಳಿನ ಹೆಪ್ಪು ತೆಗೆದರು. ಆಮೇಲಿನ ಸಿ.ಟಿ.ಯಲ್ಲಿ ಬಿಳಿ ಕಲೆ. ನಾಳ ಕಾಣಲೆಂದು ಬಿಟ್ಟ ಡೈ ಇರಬಹುದು, ರಕ್ತವೂ ಇರಬಹುದು ಎಂದು ಮರುದಿನ ಮತ್ತೆ ಸ್ಕ್ಯಾನ್ ಮಾಡಿದರು. ಒಂದೇ ಸಲಕ್ಕೆ ಹೇಳಲಾಗದೇ? ನಾಳ ಸೋರುತ್ತದೆಯೇ ಎಂದು ಮೊದಲೇ ನೋಡಬಾರದಿತ್ತೇ?’

ಸಂಪಾದಕರ ಉತ್ತರ: ಎರಡನೇ ಸ್ಕ್ಯಾನ್ ದಂಡವಲ್ಲ. ಮಿದುಳಿನ ಲೋಮನಾಳಗಳ ಒಳಗೋಡೆಯ ಕೋಶಗಳು ಹೊಲಿದಂತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಡೈನ ಅಯೋಡಿನ್ ಆಚೆ ದಾಟದು. ರಕ್ತ ಸಿಗದೆ ಬಳಲಿದ ಕಡೆ ಈ ಹೊಲಿಗೆ ಬಿಡುತ್ತದೆ. ಹೆಪ್ಪು ಹೋಗಿ ರಕ್ತ ನುಗ್ಗಿದಾಗ ಅದರ ಜೊತೆ ಬಂದ ಡೈ ಅಲ್ಲಿ ಸೋರಿ ನಿಲ್ಲುತ್ತದೆ. ಸಿ.ಟಿ.ಗೆ ಎರಡೂ ಬಿಳಿಯೇ. ಹೊಸ ರಕ್ತ, ಸಿ.ಟಿ.ಯ ಬಿಳುಪಿನ ಅಳತೆಯಲ್ಲಿ, ಸುಮಾರು 50ರಿಂದ 80 ಹೌನ್ಸ್‌ಫೀಲ್ಡ್ ತೋರಿಸುತ್ತದೆ. ತೆಳುವಾಗಿ ಸೋರಿದ ಡೈ ಕೂಡ ಅಷ್ಟೇ ತೋರಿಸಬಹುದು. ಬಿಡಿಸಿ ಹೇಳುವುದು ಕಾಲ: ಡೈ ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ತೊಳೆದುಹೋಗುತ್ತದೆ, ರಕ್ತ ಉಳಿಯುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಯಾವಾಗ ಶುರು ಮಾಡಬೇಕೆಂಬುದೂ ಇದರ ಮೇಲೇ ನಿಂತಿದೆ.

ಒಂದೇ ಸಲಕ್ಕೆ ಹೇಳುವ ಯಂತ್ರವೂ ಉಂಟು, ಡ್ಯುಯಲ್ ಎನರ್ಜಿ ಸಿ.ಟಿ. ಎರಡು ಶಕ್ತಿಯ ಕ್ಷಕಿರಣದಲ್ಲಿ, ಉದಾಹರಣೆಗೆ 80 ಮತ್ತು 140 ಕಿಲೋವೋಲ್ಟ್‌ನಲ್ಲಿ, ಚಿತ್ರ ತೆಗೆಯುತ್ತಾರೆ. ಕಡಿಮೆ ಶಕ್ತಿಯಲ್ಲಿ ಅಯೋಡಿನ್ ಬಹಳ ಹೆಚ್ಚು ಬೆಳಗುತ್ತದೆ, ರಕ್ತದಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಆದರೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಜಾಗ ಲೆಕ್ಕ ತಪ್ಪಿಸುತ್ತದೆ. ರಕ್ತ, ಡೈ ಬೆರೆತಿರುವುದೂ ಉಂಟು.

ಇನ್ನು, ಮೊದಲೇ ನೋಡುವ ಮಾತು. ಎಂ.ಆರ್.ಐ.ನಲ್ಲಿ ಗ್ಯಾಡೋಲಿನಿಯಂ ಎಂಬ ಲೋಹದ ಡೈ ಚುಚ್ಚಿ, ನಿಮಿಷಗಟ್ಟಲೆ ಒಂದೇ ಭಾಗದ ಚಿತ್ರ ತೆಗೆದು, ಸೋರಿಕೆಯ ವೇಗವನ್ನು ‘ಕೆ-ಟ್ರಾನ್ಸ್’ ಎಂಬ ಅಂಕಿಯಾಗಿ ಲೆಕ್ಕ ಹಾಕಬಹುದು. ಲಕ್ವದಲ್ಲಿ ಸೋರಿಕೆ ಬಲು ಸಣ್ಣದು. ರೋಗಿ ತಲೆ ಅಲ್ಲಾಡಿಸಿದರೆ ಲೆಕ್ಕ ಕೆಡುತ್ತದೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ನಾಳ ಪೂರ್ತಿ ಕಟ್ಟಿದ್ದರೆ ಡೈ ಅಲ್ಲಿಗೆ ತಲುಪುವುದೇ ಇಲ್ಲ, ಒಡೆದ ಗೋಡೆಯೂ ಗಟ್ಟಿಯಾಗಿರುವಂತೆ ಕಾಣುತ್ತದೆ. ಯಂತ್ರದಿಂದ ಯಂತ್ರಕ್ಕೆ ಅಂಕಿಯೂ ಬದಲು. ಹೆಪ್ಪು ಕರಗಿಸುವ ಮದ್ದಿಗಿರುವುದು ಲಕ್ವ ಹೊಡೆದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದರಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನೇ ಎಷ್ಟು ತಿನ್ನುತ್ತದೋ! ಇಂಥ ಅಳತೆಗಾಗಿ ಮದ್ದು ತಡೆಹಿಡಿಯದಿರುವುದೇ ಸರಿ.

ತಂದೆಯವರಿಗೆ ಗ್ಯಾಡೋಲಿನಿಯಂ ಕೊಟ್ಟಿದ್ದರೆ, ಮುಂದಿನ ಎಂ.ಆರ್.ಐ.ಗೆ ಹೋದಾಗ ಕೊಟ್ಟ ದಿನ, ಹೊತ್ತು ತಪ್ಪದೆ ತಿಳಿಸಿ. ಮರುದಿನದ ‘ಫ್ಲೇರ್’ ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಸೋರಿದ ಡೈ ಮಿದುಳಿನ ಮಡಿಕೆಗಳಲ್ಲಿ ಬೆಳ್ಳಗೆ ಕಂಡು, ರಕ್ತಸ್ರಾವವೆಂದು ಗಾಬರಿ ಹುಟ್ಟಿಸಬಹುದು.