ನೊಬೆಲ್ ಪಡೆದ ಇಟಲಿಯ ಕಾದಂಬರಿಗಾರ್ತಿ ಯಾರು? ಅವರ ಯಾವ ಪುಸ್ತಕ ಮೊದಲು ಓದಬೇಕು?

ಗ್ರಾತ್ಸಿಯಾ ದೆಲೆದ್ದಾ. 1926ನೇ ಸಾಲಿನ ಸಾಹಿತ್ಯ ನೊಬೆಲ್ ಇವರದು. ಇಟಲಿಯ ಇನ್ಯಾವ ಲೇಖಕಿಗೂ ಅದು ಇದುವರೆಗೆ ಸಿಕ್ಕಿಲ್ಲ.

ಹುಟ್ಟಿದ್ದು 1871ರಲ್ಲಿ, ಸಾರ್ಡೀನಿಯಾ ದ್ವೀಪದ ನುವೊರೊ ಎಂಬ ಊರಲ್ಲಿ. ಶಾಲೆಗೆ ಹೋಗಿದ್ದು ಕೆಲವೇ ವರ್ಷ. ಹೆಣ್ಣುಮಕ್ಕಳಿಗೆ ಅಷ್ಟು ಸಾಕು ಅನ್ನೋ ಕಾಲ ಅದು. ಆಮೇಲೆ ಓದಿದ್ದೆಲ್ಲ ಹೆಚ್ಚಾಗಿ ತಾವಾಗಿಯೇ. ಹದಿಹರೆಯದಲ್ಲೇ ಕಥೆ ಅಚ್ಚಾದಾಗ ಊರವರು ಮೆಚ್ಚಲಿಲ್ಲ, ಮೂಗು ಮುರಿದರು! 1900ರಲ್ಲಿ ಮದುವೆಯಾಗಿ ರೋಮ್ ಸೇರಿದರು. ಆದರೂ ಬರೆದದ್ದು ಜಾಸ್ತಿ ತಮ್ಮ ದ್ವೀಪದ ಬಗ್ಗೆಯೇ.

ಮೊದಲು 1913ರ 'ಕಾನ್ನೆ ಅಲ್ ವೆಂತೊ' ಓದಿ. ಹೆಸರಿನ ಅರ್ಥ, ಗಾಳಿಗೆ ಸಿಕ್ಕ ಜೊಂಡು. ಒಂದು ಕಾಲದಲ್ಲಿ ಬಾಳಿ ಬದುಕಿದ ಮನೆ, ಈಗ ಬಡತನ. ಮೂವರು ಅಕ್ಕತಂಗಿಯರು. ಸಂಬಳವಿಲ್ಲದೆ ದುಡಿಯುವ ಆಳು ಎಫಿಕ್ಸ್. ಸುಮ್ನೆ ನಿಷ್ಠೆ ಅಂದುಕೊಳ್ಳಬೇಡಿ, ಅವನೊಳಗೆ ಒಂದು ಹಳೆಯ ಪಾಪ ಕೂತಿದೆ. ಅದೇನೆಂದು ನಾನು ಹೇಳಲ್ಲ. ಕಥೆ ನಿಧಾನ, ನಿಜ. ಆದರೆ ಆ ಎಫಿಕ್ಸ್‌ನನ್ನು ಮರೆಯಲಾಗುವುದಿಲ್ಲ.

ದೆಲೆದ್ದಾ 1936ರಲ್ಲಿ ರೋಮ್‌ನಲ್ಲಿ ತೀರಿಕೊಂಡರು. ತಮ್ಮ ಬಾಲ್ಯವನ್ನೇ ಕಥೆಯಾಗಿಸಿದ 'ಕೋಸಿಮಾ' ಹೊರಬಂದದ್ದು ಅದಾದ ಮೇಲೆ.